ಗೆಲ್ಲುವವರಿಗೋ, ಬೇಕಾದವರಿಗೋ?



2024ರ ಮಾರ್ಚ್ 5ರ ಮಂಗಳವಾರ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಅಧ್ಯಕ್ಷೀಯ ಚುನಾವಣೆಯ ಪ್ರೈಮರಿ ಇತ್ತು. ಗದಗ ಸೀಮೆಯಲ್ಲಿ ಹುಟ್ಟಿ ಬೆಳೆದ ನಾನು ಈಗ ಈ ರಾಜ್ಯದ ಮತದಾರಳು. ಆ ಸಲ ಒಂದು ಪಕ್ಷದಲ್ಲಿ ಆಗಿನ ಹಾಲಿ ಅಧ್ಯಕ್ಷರು, ಇನ್ನೊಂದರಲ್ಲಿ ಆಗಿನ ಮಾಜಿ ಅಧ್ಯಕ್ಷರು ಇದ್ದರು. ಫಲಿತಾಂಶ ಹೆಚ್ಚುಕಡಿಮೆ ಬರೆದಿಟ್ಟಂತೆಯೇ ಇದ್ದುದರಿಂದ ಊರಿನಲ್ಲಿ ಅಷ್ಟೇನೂ ಗದ್ದಲವಿರಲಿಲ್ಲ. ಆದರೆ ಅದಕ್ಕೂ ನಾಲ್ಕು ವರ್ಷ ಹಿಂದೆ, 2020ರ ಮಾರ್ಚ್ 3ರಂದು, ಇದೇ ಪ್ರೈಮರಿಯಲ್ಲಿ ನಾನು ಹಾಕಿದ ಮತ ಇಂದಿಗೂ ಮನಸ್ಸಿನೊಳಗೆ ಕೂತಿದೆ. ಅದನ್ನು ಬರೆಯಬೇಕೆನಿಸಿದ್ದಕ್ಕೆ ಕಾರಣ ಆಗ ನಾಡಿನಿಂದ ಬರುತ್ತಿದ್ದ ಸುದ್ದಿ. ಲೋಕಸಭೆಯ ಟಿಕೆಟ್ ಮಾತುಕತೆ ಶುರುವಾಗಿತ್ತು. ಯಾವ ಪಕ್ಷದ ನಾಯಕರ ಹೇಳಿಕೆ ಓದಿದರೂ ಒಂದೇ ಮಾತು: "ಗೆಲ್ಲುವವರಿಗೇ ಟಿಕೆಟ್." ಈ ಮಾತಿನ ಜೊತೆ ನನಗೊಂದು ಹಳೆಯ ಜಗಳವಿದೆ.

ಮೊದಲು ಪ್ರೈಮರಿ ಎಂದರೇನೆಂದು ಎರಡು ಮಾತು. ನಮ್ಮಲ್ಲಿ ಪಕ್ಷದ ಅಭ್ಯರ್ಥಿ ಯಾರೆಂಬುದು ಬೆಂಗಳೂರು, ದೆಹಲಿಗಳಲ್ಲಿ ನಿರ್ಧಾರವಾಗುತ್ತದೆ. ಬಿ ಫಾರಂ ಕೈಗೆ ಬಂದ ಮೇಲೆ ಮತದಾರನ ಕೆಲಸ ಶುರು. ಇಲ್ಲಿ ಬಿ ಫಾರಂ ಕೊಡುವವನೇ ಮತದಾರ. ನವೆಂಬರಿನ ನಿಜವಾದ ಚುನಾವಣೆಗೆ ತಿಂಗಳುಗಟ್ಟಲೆ ಮೊದಲು, ಪ್ರತಿ ರಾಜ್ಯದಲ್ಲಿ ಒಂದೊಂದು ಪಕ್ಷದ ಮತದಾರರು ತಮ್ಮ ಅಭ್ಯರ್ಥಿ ಯಾರಾಗಬೇಕೆಂದು ಮತ ಹಾಕುತ್ತಾರೆ. ಒಂದೇ ಪಕ್ಷದ ಹತ್ತಾರು ಜನ ಪರಸ್ಪರ ಎದುರು ನಿಂತು, ಟಿ.ವಿ. ಮುಂದೆ ಒಬ್ಬರನ್ನೊಬ್ಬರು ಪ್ರಶ್ನಿಸುತ್ತಾರೆ. (ಇದನ್ನು ಅನುಭವ ಮಂಟಪಕ್ಕೆ ಹೋಲಿಸಿ ಮಾತಾಡಿದವರನ್ನು ಇಲ್ಲಿಯ ಬಸವ ಜಯಂತಿಯಲ್ಲಿ ಕೇಳಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಅನುಭವ ಮಂಟಪದಲ್ಲಿ ಯಾರೂ ಕುರ್ಚಿಗಾಗಿ ಬಂದವರಲ್ಲ, ಚಂದಾ ಎತ್ತಿ ಬಂದವರೂ ಅಲ್ಲ.) ಮ್ಯಾಸಚೂಸೆಟ್ಸಿನಲ್ಲಿ ಯಾವ ಪಕ್ಷಕ್ಕೂ ಸೇರದೆ ಹೆಸರು ನೋಂದಾಯಿಸಿಕೊಳ್ಳಬಹುದು. ನಾನು ಹಾಗೇ ಇದ್ದೇನೆ. ಪ್ರೈಮರಿಯ ದಿನ ಮತಗಟ್ಟೆಯ ಮೇಜಿನ ಮುಂದೆ ನಿಂತಾಗ "ಯಾವ ಪಕ್ಷದ ಮತಪತ್ರ ಬೇಕು?" ಎಂದು ಕೇಳುತ್ತಾರೆ. ಕೇಳಿದ್ದನ್ನು ಕೊಡುತ್ತಾರೆ. ಯಾವ ಪಕ್ಷದ ಮತಪತ್ರ ತೆಗೆದುಕೊಂಡೆ ಎಂಬುದು ದಾಖಲಾಗುತ್ತದೆ, ಯಾರಿಗೆ ಹಾಕಿದೆ ಎಂಬುದಲ್ಲ.

2020ರಲ್ಲಿ ನಾನು ಕೇಳಿದ್ದು ಡೆಮಾಕ್ರಟಿಕ್ ಪಕ್ಷದ್ದು, ಹಾಕಿದ್ದು ಎಲಿಜಬೆತ್ ವಾರನ್ ಅವರಿಗೆ.

ಆಕೆ ಈ ರಾಜ್ಯದ ಸೆನೆಟರ್. 2012ರಲ್ಲಿ ಗೆದ್ದಾಗ ಮ್ಯಾಸಚೂಸೆಟ್ಸಿನಿಂದ ಸೆನೆಟ್‌ಗೆ ಹೋದ ಮೊದಲ ಮಹಿಳೆ. ಅದಕ್ಕೂ ಮೊದಲು ಹಾರ್ವರ್ಡಿನಲ್ಲಿ ಕಾನೂನು ಪ್ರಾಧ್ಯಾಪಕಿ, ದಿವಾಳಿ ಕಾನೂನು ಅವರ ವಿಷಯ. ಸಂಸಾರಗಳು ಯಾಕೆ ದಿವಾಳಿ ಏಳುತ್ತವೆ ಎಂದು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಜನ ದುಂದು ಮಾಡಿ ಹಾಳಾಗುತ್ತಾರೆ ಎಂದುಕೊಂಡಿದ್ದವರಿಗೆ, ಕಾಯಿಲೆ ಬಿದ್ದು, ಕೆಲಸ ಕಳೆದುಕೊಂಡು, ಸಂಸಾರ ಒಡೆದು ಹಾಳಾಗುತ್ತಾರೆ ಎಂದು ಲೆಕ್ಕ ಕೊಟ್ಟು ತೋರಿಸಿದರು. 2007ರಲ್ಲಿ ಒಂದು ಲೇಖನ ಬರೆದರು. ಅದರ ತಿರುಳು ಇಷ್ಟು: ಐದರಲ್ಲಿ ಒಂದು ಸಲ ಬೆಂಕಿ ಹತ್ತಿ ಮನೆ ಸುಡುವ ಟೋಸ್ಟರನ್ನು ಈ ದೇಶದಲ್ಲಿ ಮಾರಲು ಬಿಡುವುದಿಲ್ಲ, ಆದರೆ ಐದರಲ್ಲಿ ಒಂದು ಸಲ ಮನೆಯವರನ್ನು ಬೀದಿಗೆ ತರುವ ಗೃಹಸಾಲವನ್ನು ಧಾರಾಳವಾಗಿ ಮಾರಬಹುದು, ಇದು ಯಾವ ನ್ಯಾಯ? ಮರುವರ್ಷವೇ ಆರ್ಥಿಕ ಕುಸಿತ ಬಂತು. 2010ರಲ್ಲಿ ಸಾಲಗಾರರನ್ನು ಕಾಯುವ ಹೊಸ ಸಂಸ್ಥೆಗೆ ಕಾನೂನಾಯಿತು. ಕಲ್ಪನೆ ಅವರದು. ಆದರೂ ಅದರ ಮುಖ್ಯಸ್ಥೆಯಾಗಿ ಅವರನ್ನು ನೇಮಿಸಲಿಲ್ಲ, ಸೆನೆಟ್ಟಿನಲ್ಲಿ ಅಷ್ಟು ವಿರೋಧವಿತ್ತು. ಆಮೇಲೆ ಅವರು ಸೆನೆಟ್‌ಗೇ ನಿಂತರು.

ಇದು ನನಗೆ ಯಾಕೆ ತಟ್ಟಿತು ಎಂದರೆ, ನಮ್ಮಪ್ಪ ಹತ್ತಿ, ಮೆಣಸಿನಕಾಯಿ ಬೆಳೆಯುತ್ತಿದ್ದ ರೈತ. ಬಿತ್ತುವ ಮೊದಲೇ ದಲಾಲಿ ಅಂಗಡಿಯಿಂದ ದುಡ್ಡು ತರುವುದು, ಬೆಳೆ ಬಂದ ಮೇಲೆ ಅದೇ ಅಂಗಡಿಗೆ ಹಾಕುವುದು, ಅವರು ಹೇಳಿದ ದರಕ್ಕೆ ತಲೆಯಾಡಿಸುವುದು. ಪಟ್ಟಿಯಲ್ಲಿ ಬಡ್ಡಿ ಎಷ್ಟು, ಹಮಾಲಿ ಎಷ್ಟು, ತೂಕದಲ್ಲಿ ಹೋದದ್ದೆಷ್ಟು ಎಂದು ಅಪ್ಪ ಒಂದು ದಿನವೂ ಕೇಳಲಿಲ್ಲ. ಕೇಳಿದರೆ ಮುಂದಿನ ವರ್ಷ ಬಿತ್ತನೆಗೆ ದುಡ್ಡು ಹುಟ್ಟುತ್ತಿರಲಿಲ್ಲ. ಪಿ.ಯು.ಸಿ. ಓದುತ್ತಿದ್ದ ನಾನು ಒಮ್ಮೆ ಆ ಪಟ್ಟಿ ಕೂಡಿಸಿ ನೋಡಿ ತಪ್ಪಿದೆ ಎಂದಾಗ, "ಗೊತ್ತೈತಿ ಬಿಡವಾ" ಎಂದಿದ್ದರು. ಆ ಮಾತು ಸಾಲ ಮಾಡಿದವನ ಮಾತು. ಮೂವತ್ತು ವರ್ಷ ಕಳೆದ ಮೇಲೆ, ಸಮುದ್ರದ ಈಚೆ, ಒಬ್ಬ ಬಿಳಿಯ ಪ್ರೊಫೆಸರಮ್ಮ ಟೌನ್‌ಹಾಲಿನಲ್ಲಿ ನಿಂತು ಸಾಲದ ಕಾಗದದ ಸಣ್ಣಕ್ಷರಗಳ ಬಗ್ಗೆ ಮಾತಾಡಿದಾಗ ನನಗೆ ಅಪ್ಪ ನೆನಪಾದರು. ರಾಜಕಾರಣಿಯೊಬ್ಬರ ಮಾತು ಕೇಳಿ ಕಣ್ಣು ತುಂಬಿದ್ದು ಅದೇ ಮೊದಲು. ಪಕ್ಕದಲ್ಲಿದ್ದವರಿಗೆ ಕಾಣದಂತೆ ಒರೆಸಿಕೊಂಡೆ.

ಅಭ್ಯರ್ಥಿಯನ್ನು ಇಷ್ಟಪಡುವುದೆಂದರೆ ಕಣ್ಣುಮುಚ್ಚಿ ಇಷ್ಟಪಡುವುದಲ್ಲ. ತಮ್ಮ ಮನೆತನದಲ್ಲಿ ಅಮೆರಿಕದ ಮೂಲನಿವಾಸಿಗಳ ರಕ್ತವಿದೆ ಎಂದು ವಾರನ್ ಬಹಳ ವರ್ಷ ಹೇಳಿಕೊಂಡಿದ್ದರು. 2018ರಲ್ಲಿ ಡಿ.ಎನ್.ಎ. ಪರೀಕ್ಷೆ ಮಾಡಿಸಿ ಅದರ ವರದಿಯನ್ನೂ ಹೊರಹಾಕಿದರು. ಚೆರೋಕಿ ಜನ ನೊಂದುಕೊಂಡರು, ಆಕೆ ಕ್ಷಮೆ ಕೇಳಿದರು. ಹುಟ್ಟಿನ ಗುರುತನ್ನು ತೂಗುಹಾಕಿಕೊಳ್ಳುವ ಆಸೆ ಎಂಥ ಓದಿದವರನ್ನೂ ಬಿಡುವುದಿಲ್ಲ ಎಂದು ನಮ್ಮಂಥವರಿಗೆ ಬೇರೆ ಹೇಳಬೇಕಿಲ್ಲ. ನಾವು ಜಾತಿ ಪ್ರಮಾಣಪತ್ರದ ನಾಡಿನಿಂದ ಬಂದವರು. ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ ಎಂಬ ವಿಷಯದಲ್ಲಿಯೂ 2019ರ ನವೆಂಬರಿನಲ್ಲಿ ಒಂದು ಯೋಜನೆ ಕೊಟ್ಟು, ಎರಡು ವಾರದಲ್ಲಿ ಅದನ್ನು ಹಂತಹಂತವಾಗಿ ತರುತ್ತೇನೆಂದರು. ಆ ಕಡೆಯವರೂ ಮುನಿಸಿಕೊಂಡರು, ಈ ಕಡೆಯವರೂ ನಂಬಲಿಲ್ಲ. ಐದು ಕೋಟಿ ಡಾಲರಿಗಿಂತ ಹೆಚ್ಚಿನ ಆಸ್ತಿಗೆ ವರ್ಷಕ್ಕೆ ನೂರಕ್ಕೆ ಎರಡರಂತೆ ತೆರಿಗೆ ಎಂಬ ಅವರ ಮಾತು ಮಾತ್ರ ನನಗೆ ಪೂರಾ ಒಪ್ಪಿಗೆಯಾಗಿತ್ತು. ಗೆಳತಿಯೊಬ್ಬಳು ಇದು ದಾಸೋಹವೇ ಅಲ್ಲವೇ ಎಂದಳು. ಅಲ್ಲ. ದಾಸೋಹ ಮಾಡದವರಿಗೆ ಜುಲ್ಮಾನೆ ಇಲ್ಲ, ತೆರಿಗೆ ಕಟ್ಟದವರಿಗೆ ಇದೆ. ಎರಡನ್ನೂ ಕಲಸಬಾರದು.

2020ರ ಜನವರಿಯ ಒಂದು ಶನಿವಾರ ನೆರೆಯ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ನ್ಯಾಶುವಾ ಊರಿಗೆ ಪ್ರಚಾರಕ್ಕೆ ಹೋದೆ. ಕೈಯಲ್ಲಿ ಮನೆಗಳ ಪಟ್ಟಿ, ಕಾಲಡಿ ಹಿಮ. ಒಬ್ಬ ಅಜ್ಜಿ ಬಾಗಿಲು ತೆಗೆದು ಒಳಗೆ ಕರೆದು ಬಿಸಿ ಚಹಾ ಕೊಟ್ಟರು. ವಾರನ್ ಎಂದರೆ ತಮಗೆ ಬಹಳ ಇಷ್ಟ, ಎಲ್ಲರಿಗಿಂತ ಬುದ್ಧಿವಂತೆ, ಚರ್ಚೆಗಳನ್ನೆಲ್ಲ ನೋಡಿದ್ದೇನೆ ಎಂದರು. ಹಾಗಾದರೆ ನಿಮ್ಮ ಮತ ಅವರಿಗೇ ಎಂದು ಬರೆದುಕೊಳ್ಳಲೇ ಎಂದೆ. ಇಲ್ಲ ಎಂದರು. ತಮಗೇನೂ ಅಡ್ಡಿಯಿಲ್ಲವಂತೆ, ಆದರೆ ಪಕ್ಕದ ಮನೆಯವರು ಹೆಂಗಸಿಗೆ ಹಾಕುವುದಿಲ್ಲವಂತೆ. 2016ರಲ್ಲಿ ನೋಡಲಿಲ್ಲವೇ ಎಂದು ನನ್ನನ್ನೇ ಕೇಳಿದರು. ನನ್ನ ಪಟ್ಟಿಯಲ್ಲಿ ಪಕ್ಕದ ಮನೆಯೂ ಇತ್ತು. ಅಲ್ಲಿದ್ದ ನಡುವಯಸ್ಸಿನ ದಂಪತಿ ಹೇಳಿದ್ದೂ ಅಕ್ಷರಶಃ ಅದನ್ನೇ: ನಮಗೆ ಇಷ್ಟ, ಆದರೆ ಬೇರೆಯವರು ಹಾಕುವುದಿಲ್ಲ.

ಎರಡು ಮನೆ, ಮೂರು ಮತ. ಮೂವರಿಗೂ ಆಕೆ ಬೇಕು, ಮೂವರೂ ಹಾಕುವುದಿಲ್ಲ. "ಬೇರೆಯವರು" ಎಂಬವರು ಯಾವ ಬೀದಿಯಲ್ಲಿದ್ದಾರೆ ಎಂದು ಆ ದಿನ ಸಂಜೆಯವರೆಗೂ ಹುಡುಕಿದೆ. ಫೆಬ್ರವರಿ 11ರಂದು ಆ ರಾಜ್ಯದಲ್ಲಿ ವಾರನ್ ನಾಲ್ಕನೆಯವರಾದರು.

ನನ್ನ ತಕರಾರು ಇಲ್ಲಿದೆ. ಗೆಲ್ಲುವ ಅಭ್ಯರ್ಥಿಗೇ ಹಾಕುತ್ತೇನೆ ಎನ್ನುವವರು ತಾವು ವಿವೇಕಿಗಳು ಎಂದುಕೊಂಡಿರುತ್ತಾರೆ. ಅವರು ನಿಜವಾಗಿ ಮಾಡುತ್ತಿರುವುದು ತಮಗೆ ಇಲ್ಲದ ಪೂರ್ವಗ್ರಹವನ್ನು ನೆರೆಯವರಿಗೆ ಆರೋಪಿಸಿ, ಆ ಪೂರ್ವಗ್ರಹದ ಪರವಾಗಿ ತಾವೇ ಮತ ಹಾಕುವುದು. ಹೆಂಗಸನ್ನು ಒಪ್ಪದ ಒಬ್ಬನೇ ಒಬ್ಬ ಇಲ್ಲದ ಓಣಿಯಲ್ಲಿಯೂ ಹೆಂಗಸು ಸೋಲಬಹುದು. ಅಂತಿಮ ಚುನಾವಣೆಯಲ್ಲಿ ಈ ಲೆಕ್ಕಾಚಾರಕ್ಕೆ ಒಂದಿಷ್ಟು ಅರ್ಥವಿದೆ, ಯಾಕೆಂದರೆ ಅಲ್ಲಿ ಇಬ್ಬರಲ್ಲಿ ಒಬ್ಬರನ್ನು ತಡೆಯಬೇಕಾಗುತ್ತದೆ. ಪ್ರೈಮರಿಯಲ್ಲಿಯೂ ಅದನ್ನೇ ಮಾಡುವುದಾದರೆ, ನನಗೆ ಬೇಕಾದದ್ದು ಇದು ಎಂದು ಮತದಾರ ಹೇಳುವುದು ಇನ್ನೆಲ್ಲಿ?

ಎದುರು ವಾದ ಹಗುರವಾದದ್ದೇನಲ್ಲ. ಅದು ನಮ್ಮ ಮನೆಯೊಳಗೇ ಇತ್ತು. ನಮ್ಮ ಮನೆಯವರು ಜೋ ಬೈಡನ್ ಪರ. ಟ್ರಂಪ್ ಇನ್ನೊಂದು ಸಲ ಬಂದರೆ ವೀಸಾದ ಮೇಲೆ ಇರುವ ನಮ್ಮ ತಂಗಿಯ ಮಗನಂಥವರ ಗತಿಯೇನು, ಈ ಹೊತ್ತಿನಲ್ಲಿ ಮನಸ್ಸಿನ ಹಂಬಲ ತೀರಿಸಿಕೊಳ್ಳುವುದು ಅನುಕೂಲಸ್ಥರ ಚಟ ಎಂದರು. ಆಗ 19 ತುಂಬಿದ್ದ ಮಗಳು ಬರ್ನಿ ಸ್ಯಾಂಡರ್ಸ್ ಪರ. ಅವಳಿಗಂತೂ ನಾವಿಬ್ಬರೂ ಮುದುಕರು. ಮೂರು ಮತದ ಮನೆಯಲ್ಲಿ ಮೂರು ಅಭ್ಯರ್ಥಿಗಳು. ಊಟದ ಹೊತ್ತಿಗೆ ರಾಜಕೀಯ ಬೇಡ ಎಂದು ಕರಾರಾಯಿತು. ಅದು ಎರಡು ದಿನವೂ ನಡೆಯಲಿಲ್ಲ.

ಫೆಬ್ರವರಿ 29ರಂದು ಸೌತ್ ಕೆರೊಲಿನಾದಲ್ಲಿ ಬೈಡನ್ ಗೆದ್ದರು. ಮಾರ್ಚ್ 1ಕ್ಕೆ ಪೀಟ್ ಬುಟಿಜಜ್, 2ಕ್ಕೆ ಏಮಿ ಕ್ಲೋಬುಚಾರ್ ಕಣದಿಂದ ಸರಿದರು. ಮುಂಗಡ ಮತದಾನದಲ್ಲಿ ಬುಟಿಜಜ್‌ಗೆ ಹಾಕಿಬಂದಿದ್ದ ನನ್ನ ಸಹೋದ್ಯೋಗಿಯೊಬ್ಬರು ಸೋಮವಾರ ಆಫೀಸಿನಲ್ಲಿ ಮಂಕಾಗಿ ಕೂತಿದ್ದರು. ಕಣದಲ್ಲೇ ಇಲ್ಲದವರಿಗೆ ಹೋದ ಮತ, ತಿರುಗಿ ತರುವಂತಿಲ್ಲ. ಮರುದಿನ 14 ರಾಜ್ಯಗಳಲ್ಲಿ ಒಟ್ಟಿಗೆ ಮತದಾನ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಕೆಲಸಕ್ಕೆ ಹೋಗುವ ಮುಂಚೆ ಶಾಲೆಯ ಮತಗಟ್ಟೆಗೆ ಹೋದೆ. ಮತಪತ್ರದ ಮೇಲೆ ಸರಿದುಹೋದವರ ಹೆಸರೂ ಹಾಗೇ ಇದ್ದವು. ಆಕೆಯ ಹೆಸರಿನ ಮುಂದಿನ ಅಂಡಾಕಾರದ ಗುರುತನ್ನು ತುಂಬುವಾಗ ಕೈ ತಡೆಯಿತು ಎಂದು ಬರೆದರೆ ಓದಲು ಚೆಂದ. ಆದರೆ ಕೈ ತಡೆಯಲಿಲ್ಲ. ಗೆಲ್ಲುವುದಿಲ್ಲ ಎಂದು ಖಚಿತವಾಗಿದ್ದರಿಂದಲೋ ಏನೋ, ಅಂದಿನಷ್ಟು ನಿರಾಳವಾಗಿ ನಾನು ಯಾವ ಮತವನ್ನೂ ಹಾಕಿಲ್ಲ. ಲೆಕ್ಕಾಚಾರವೆಲ್ಲ ಬಿದ್ದುಹೋದ ಮೇಲೆ ಉಳಿಯುವುದು ನನಗೆ ಬೇಕು ಎಂಬುದೊಂದೇ.

ರಾತ್ರಿ ಫಲಿತಾಂಶ ಬಂತು. ಬೈಡನ್ ಮೊದಲನೆಯವರು, ಸ್ಯಾಂಡರ್ಸ್ ಎರಡನೆಯವರು. ವಾರನ್ ತಮ್ಮ ಸ್ವಂತ ರಾಜ್ಯದಲ್ಲಿ ಮೂರನೆಯವರು. ಎರಡು ದಿನ ಕಳೆದು ಮಾರ್ಚ್ 5ರಂದು ತಮ್ಮ ಮನೆಯ ಮುಂದೆ ನಿಂತು ಹಿಂದೆ ಸರಿದರು. ಹೋದಲ್ಲೆಲ್ಲ ಆಕೆ ಸಣ್ಣ ಹುಡುಗಿಯರ ಕಿರುಬೆರಳಿಗೆ ತಮ್ಮ ಕಿರುಬೆರಳು ಕೊಂಡಿ ಹಾಕಿ, ಅಧ್ಯಕ್ಷ ಚುನಾವಣೆಗೆ ನಿಲ್ಲುವುದು ಹೆಣ್ಣುಮಕ್ಕಳ ಕೆಲಸವೇ ಎಂದು ಹೇಳಿ ಬರುತ್ತಿದ್ದರು. ಆ ಹುಡುಗಿಯರು ಇನ್ನೂ ನಾಲ್ಕು ವರ್ಷ ಕಾಯಬೇಕಲ್ಲ ಎಂದು ಅಂದು ಅವರ ದನಿ ಕಟ್ಟಿತು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಅದನ್ನು ಕೇಳಿದೆ. ಮನೆಯವರು ಬಂದು ಏನೂ ಮಾತಾಡದೆ ಒಲೆ ಸಣ್ಣ ಮಾಡಿ ಹೋದರು. ಅದು ಅವರ ರೀತಿಯ ಸಾಂತ್ವನ. ಪರಿಚಯವೇ ಇಲ್ಲದ ಒಬ್ಬರ ಸೋಲಿಗೆ ಇಷ್ಟೇಕೆ ದುಃಖ ಎಂದು ಮಗಳು ಕೇಳಿದಳು. ಒಂದು ತಿಂಗಳಾದ ಮೇಲೆ ಸ್ಯಾಂಡರ್ಸ್ ಸರಿದಾಗ ಅವಳು ಎರಡು ಹೊತ್ತು ಊಟ ಬಿಟ್ಟಳು. ನಾನು ಏನೂ ಕೇಳಲಿಲ್ಲ. ಅಷ್ಟರಲ್ಲಿ ಕೊರೊನಾ ಬಂದು ಊರೇ ಬಾಗಿಲು ಹಾಕಿತ್ತು. ನವೆಂಬರಿನಲ್ಲಿ ಮೂವರೂ ಬೈಡನ್‌ಗೇ ಹಾಕಿದೆವು.

ಆ ವಾರ ಊರಿಗೆ ಫೋನ್ ಮಾಡಿದಾಗ ಅವ್ವ, "ಅಲ್ಲೆ ನಮ್ಮವ್ರು ಯಾರರ ನಿಂತಾರೇನವಾ?" ಎಂದು ಕೇಳಿದ್ದಳು. ನಮ್ಮವರು ಎಂದರೆ ಅವಳ ಅರ್ಥದಲ್ಲಿ ಲಿಂಗವಂತರು. ನಗು ಬಂತು. ಯಾರೂ ಇಲ್ಲ, ಒಬ್ಬ ಹೆಣ್ಣುಮಗಳು ನಿಂತಿದ್ದಳು, ಆಕೆಗೆ ಹಾಕಿದೆ ಎಂದೆ. "ಹಂಗಂದ್ರ ನಮ್ಮಾಕಿನ ಆತಲ್ಲ" ಎಂದಳು. ಈ ಮಾತನ್ನು ನಾನು ದೊಡ್ಡದು ಮಾಡಿ ಹೇಳುತ್ತಿಲ್ಲ. ಅವ್ವ ಜಾತಿ ನೋಡದೆ ಮತ ಹಾಕಿದವಳೇನಲ್ಲ. ಆದರೆ ಅವಳ ಲೆಕ್ಕದಲ್ಲಿ "ನಮ್ಮವರು" ಎಂಬ ಪದಕ್ಕೆ ಒಂದಕ್ಕಿಂತ ಹೆಚ್ಚು ಬಾಗಿಲಿವೆ. ನಮ್ಮ ಸಮಾಜದ ಮುಖಂಡರ ಲೆಕ್ಕದಲ್ಲಿ ಒಂದೇ ಇದೆ.

ಟಿಕೆಟ್ ಹಂಚುವ ಹೊತ್ತಿಗೆ ಸಮಾಜಕ್ಕೆ ಇಷ್ಟು, ಒಳಪಂಗಡಕ್ಕೆ ಇಷ್ಟು ಎಂಬ ಬೇಡಿಕೆಗಳು ವೇದಿಕೆಗಳಿಂದ, ಕೆಲವೊಮ್ಮೆ ಪೂಜ್ಯರ ಬಾಯಿಂದಲೂ ಬರುತ್ತವೆ. ಆ ಇಷ್ಟರಲ್ಲಿ ಶರಣೆಯರಿಗೆ ಎಷ್ಟು ಎಂದು ಕೇಳಿದ ಹೇಳಿಕೆಯನ್ನು ನಾನಂತೂ ಓದಿಲ್ಲ. ನನ್ನ ಬಳಿ ಇರುವುದು ಸಾಗರೋತ್ತರ ಪೌರತ್ವದ ಕಾರ್ಡು, ಅದಕ್ಕೆ ನಾಡಿನಲ್ಲಿ ಮತವಿಲ್ಲ. ಮತವಿಲ್ಲದವಳಿಗೆ ಈ ಮಾತೇಕೆ ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ, ಆದರೂ ಕೇಳುತ್ತೇನೆ. 2019ರಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ ಗೆದ್ದ ಮಹಿಳೆಯರು ಇಬ್ಬರು. 2023ರ ವಿಧಾನಸಭೆಗೆ 224ರಲ್ಲಿ ಹತ್ತು ಮಂದಿ. ಕಾರಣ ಕೇಳಿದರೆ ಎಲ್ಲ ಪಕ್ಷದವರೂ ನ್ಯಾಶುವಾದ ಅಜ್ಜಿಯ ಉತ್ತರವನ್ನೇ ಕೊಡುತ್ತಾರೆ: ನಮಗೇನೂ ಅಡ್ಡಿಯಿಲ್ಲ, ಜನ ಗೆಲ್ಲಿಸುವುದಿಲ್ಲ.

ಜನ ಗೆಲ್ಲಿಸುತ್ತಾರೋ ಇಲ್ಲವೋ ಎಂಬುದನ್ನು ನಮ್ಮ ರಾಜ್ಯವೇ ಒಮ್ಮೆ ಪರೀಕ್ಷಿಸಿ ನೋಡಿದೆ. 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ನೂರಕ್ಕೆ 25 ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. ಹಳ್ಳಿಹಳ್ಳಿಯಲ್ಲಿ ಹೆಂಗಸರು ನಿಂತರು, ಗೆದ್ದರು. ಗಂಡಂದಿರೇ ಆಳಿದರು ಎಂಬ ದೂರು ಸುಳ್ಳಲ್ಲ, ನಮ್ಮೂರಿನಲ್ಲಿಯೂ ಹಾಗೇ ಆಯಿತು. ಆದರೆ ಅದೇ ಊರಿನಲ್ಲಿ ಎರಡನೆಯ ಅವಧಿಗೆ ಬಂದ ಹೆಣ್ಣುಮಗಳು ಗಂಡನನ್ನು ಪಂಚಾಯಿತಿ ಕಟ್ಟೆಯ ಹೊರಗೆ ಕೂರಿಸಿ ನಳದ ಕೆಲಸ ಮಾಡಿಸಿದ್ದನ್ನು ಅವ್ವ ಇಂದಿಗೂ ಹೇಳುತ್ತಾಳೆ. ಗೆಲ್ಲುತ್ತಾಳೋ ಇಲ್ಲವೋ ಎಂಬ ಪ್ರಶ್ನೆಯನ್ನು ಕಾನೂನು ಬದಿಗೆ ಸರಿಸಿದ ಕೂಡಲೇ ಅದು ಪ್ರಶ್ನೆಯಾಗಿ ಉಳಿಯಲೇ ಇಲ್ಲ. 2023ರ ಸೆಪ್ಟೆಂಬರಿನಲ್ಲಿ ಲೋಕಸಭೆ, ವಿಧಾನಸಭೆಗಳಿಗೂ ಮೂರನೇ ಒಂದು ಮಹಿಳಾ ಮೀಸಲಾತಿಗೆ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಜಾರಿ ಮಾತ್ರ ಜನಗಣತಿ, ಕ್ಷೇತ್ರ ಪುನರ್ವಿಂಗಡಣೆ ಮುಗಿದ ಮೇಲೆ. ಅಲ್ಲಿಯವರೆಗೆ ಟಿಕೆಟ್ ಕೊಡಬೇಡಿ ಎಂದು ಆ ಕಾನೂನಿನಲ್ಲಿ ಎಲ್ಲಿಯೂ ಬರೆದಿಲ್ಲ.

2024ರ ಮಾರ್ಚ್ 5ರ ಮಾತಿಗೆ ಬರುತ್ತೇನೆ. ಆ ಸಲ ಇಲ್ಲಿಯ ಭಾರತೀಯರ ವಾಟ್ಸಾಪ್ ಗುಂಪುಗಳಲ್ಲಿ "ನಮ್ಮವರ" ಸಂಭ್ರಮ ಜೋರಾಗಿತ್ತು. ರಿಪಬ್ಲಿಕನ್ ಪಕ್ಷದಲ್ಲಿ ಕೇರಳದಿಂದ ಬಂದ ತಂದೆತಾಯಿಯ ಮಗ ವಿವೇಕ್ ರಾಮಸ್ವಾಮಿ, ಪಂಜಾಬಿನಿಂದ ಬಂದ ತಂದೆತಾಯಿಯ ಮಗಳು ನಿಕ್ಕಿ ಹೇಲಿ. ರಾಮಸ್ವಾಮಿ ಜನವರಿಯಲ್ಲೇ ಸರಿದರು. ಹೇಲಿ ಆಗ ಇನ್ನೂ ಇದ್ದರು. ನಿನಗೆ ಯಾವ ಪಕ್ಷವೂ ಇಲ್ಲವಲ್ಲ, ರಿಪಬ್ಲಿಕನ್ ಮತಪತ್ರ ಕೇಳಿ ಆಕೆಗೆ ಹಾಕು, ಹೆಂಗಸೂ ಹೌದು, ನಮ್ಮವಳೂ ಹೌದು, ಟ್ರಂಪ್‌ಗೂ ತಡೆ ಎಂದು ಇಬ್ಬರು ಗೆಳತಿಯರು ಹೇಳಿದ್ದರು. ತೆರಿಗೆ, ಆರೋಗ್ಯ ವಿಮೆ, ಗರ್ಭಪಾತದ ಹಕ್ಕು, ಯಾವುದರಲ್ಲಿಯೂ ನನ್ನ ಅಭಿಪ್ರಾಯಕ್ಕೂ ಹೇಲಿಯವರದಕ್ಕೂ ಹೊಂದಿಕೆಯಿಲ್ಲ. ಹೆಂಗಸು ಎಂಬ ಒಂದೇ ಕಾರಣಕ್ಕೆ ಬೇಡ ಎನ್ನುವುದು ಎಷ್ಟು ತಪ್ಪೋ, ಅದೊಂದೇ ಕಾರಣಕ್ಕೆ ಸಾಕು ಎನ್ನುವುದೂ ಅಷ್ಟೇ ಅಗ್ಗ. ನಾನು ಡೆಮಾಕ್ರಟಿಕ್ ಮತಪತ್ರವನ್ನೇ ಕೇಳುವವಳಿದ್ದೆ.

ಆ ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರಿನ ಜೊತೆಗೆ "ಯಾರಿಗೂ ಆದ್ಯತೆಯಿಲ್ಲ" ಎಂಬ ಒಂದು ಸಾಲೂ ಇರುತ್ತದೆ. ಗಾಜಾದ ಯುದ್ಧದ ವಿಷಯದಲ್ಲಿ ಬೈಡನ್ ಅವರ ಮೇಲೆ ಸಿಟ್ಟಾಗಿದ್ದ ಮಗಳು ಆ ಸಲ ಅಲ್ಲಿಗೇ ಗುರುತು ಹಾಕುತ್ತೇನೆಂದಿದ್ದಳು. ಅವಳಪ್ಪ ರಾತ್ರಿ ಊಟಕ್ಕೆ ಕೂತಾಗ ಮತ ವ್ಯರ್ಥವಾಗುತ್ತದೆ ಎಂದರು. ನಾನು ಹಾಗೆ ಹೇಳಲಿಲ್ಲ. ಬೆಳಿಗ್ಗೆ ಏಳಕ್ಕೆ ಮತಗಟ್ಟೆ ತೆರೆಯುತ್ತದೆ, ಕಾರಿನಲ್ಲಿ ಜೊತೆಗೇ ಹೋಗೋಣ ಎಂದೆ.